ಹತ್ತರಗಿಯ ಬಾವಿಯಲ್ಲಿ ರೋಮಿನ ಬೋಕಿ

ಮಡಕೆ ಕೊಳ್ಳುವಾಗ ನಮ್ಮ ಕಡೆಯವರು ಬೆರಳ ಗಂಟಿನಿಂದ ಬಡಿದು ನೋಡುತ್ತಾರೆ. ಟಣ್ ಎಂದರೆ ಮನೆಗೆ, ಬೊದ್ ಎಂದರೆ ಕುಂಬಾರನಿಗೇ ವಾಪಸ್ಸು. ಗೋಕಾಕದ ಸಂತೆಯಲ್ಲಿ ಈ ವಿದ್ಯೆ ನಾನೂ ಹಿರಿಯರಿಂದ ಕಲಿತವನೇ. ಆದರೆ ಒಡೆದ ಮಡಕೆಯನ್ನು ಎಷ್ಟು ಬಡಿದರೂ ಅದು ತನ್ನ ಊರು, ವಯಸ್ಸು ಹೇಳುವುದಿಲ್ಲ.

ಇದು ತಿಳಿದದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ, ಹತ್ತರಗಿಯ ಸೋದರತ್ತೆ ನೀಲವ್ವನ ಹೊಲದಲ್ಲಿ. ಮಾವ ಅಲ್ಲಿ ಬಾವಿ ತೋಡಿಸುತ್ತಿದ್ದರು. ಆಳುದ್ದ ಇಳಿದಾಗ ಬೋಕಿಗಳ, ಅಂದರೆ ಒಡೆದ ಮಡಕೆಯ ಚೂರುಗಳ ನಡುವೆ ಗೇಣುದ್ದದ, ತುದಿ ದುಂಡಗಾದ ಮಣ್ಣಿನ ಗೂಟವೊಂದು ಸಿಕ್ಕಿತು. ಅತ್ತೆ ಅದನ್ನು ತೊಳೆದು, ತುದಿ ಮೇಲೆ ಮಾಡಿ ನಿಲ್ಲಿಸಿ, ವಿಭೂತಿ ಹಚ್ಚಿದಳು.

"ಲಿಂಗಪ್ಪ ಎದ್ದಾನ. ಇನ್ನ ಇಲ್ಲಿ ಗುದ್ದಲಿ ಹಾಕಬ್ಯಾಡ್ರಿ."

ಕೊರಳಲ್ಲಿ ಇಷ್ಟಲಿಂಗ ಇರುವವಳಿಗೆ ನೆಲದ್ದೂ ಬೇಕೇ ಎಂದು ಮಾವ ಕೇಳಿದ್ದಕ್ಕೆ ಮನೆಯಲ್ಲಿ ಮಾತೇ ಬಂದ್ ಆಯಿತು. ಬಾವಿ ಅರ್ಧಕ್ಕೆ ನಿಂತಿತು. ಮಾವನ ಕಬ್ಬಿನ ಆಸೆ ಅಲ್ಲೇ ಒಣಗತೊಡಗಿತು. ಅತ್ತೆ ಎಂದಿನಂತೆ ದೂರದ ಹಳ್ಳದಿಂದಲೇ ಕೊಡ ಹೊತ್ತಳು.

ಓದಿದವನೆಂದು ನನ್ನನ್ನು ಕರೆಸಿದರು. ನಾನು ಕನ್ನಡಕ ಏರಿಸಿ, ಇದು ಆದಿಲಶಾಹಿ ಕಾಲದ ಹುಕ್ಕಾದ ಬುಡ ಎಂದೆ. ಹಳೆಯದೇನು ಕಂಡರೂ ಆದಿಲಶಾಹಿ ಎನ್ನುವಷ್ಟಕ್ಕೆ ನನ್ನ ಇತಿಹಾಸ ಮುಗಿಯುತ್ತದೆ. ಅತ್ತೆ ಆ ದಿನ ನನಗೆ ಚಹಾ ಕೊಡಲಿಲ್ಲ.

ಕೊಲ್ಲಾಪುರದ ಹಳೆಯ ದಿಬ್ಬಗಳನ್ನು ಅಗೆದು ನೋಡಿದ ಗೆಳೆಯನೊಬ್ಬನನ್ನು ಕರೆತಂದೆ. ಅವನು ಬಡಿಯಲಿಲ್ಲ, ಮುರಿದ ಅಂಚನ್ನು ಬಿಸಿಲಿಗೆ ಹಿಡಿದ. ಹೆಬ್ಬೆರಳಷ್ಟು ದಪ್ಪ. ಮಣ್ಣಿನಲ್ಲಿ ಮಿನುಗುವ ಕರಿ ಮರಳು, ನಮ್ಮ ಘಟಪ್ರಭೆಯದಲ್ಲ. ಒಳಗೆ, ಸೋರದಂತೆ ರಾಳ ಬಳಿದ ಕಲೆ. ಬೋಕಿಗಳಲ್ಲಿದ್ದ ಹಿಡಿಕೆಯೊಂದು ಎರಡು ಕೋಲು ಜೋಡಿಸಿದಂತಿತ್ತು. ರೋಮಿನ ನಾಣ್ಯಗಳ ಜತೆ ಸಿಗುವ ಎತ್ತರದ ಜಾಡಿಗಳ ಹಿಡಿಕೆಗಳು ಹೀಗೇ ಇರುತ್ತವಂತೆ. ಅಂದಮೇಲೆ ವಯಸ್ಸು ಸುಮಾರು ಎರಡು ಸಾವಿರ ವರ್ಷ. ಲಿಂಗಪ್ಪ ಅಂಥ ಜಾಡಿಯೊಂದರ ಬುಡ, ತಲೆಕೆಳಗಾಗಿ ನಿಂತಿತ್ತು.

"ಅದ್ರಾಗ ಏನ್ ತರತಿದ್ರು?" ಅತ್ತೆ ಕೇಳಿದಳು.

ಗೆಳೆಯ ನನ್ನ ಮುಖ ನೋಡಿದ. ನಾನು ಬೇವಿನ ಮರ ನೋಡಿದೆ.

"ಸೆರೆ ರೀ ಅವ್ವಾರ. ಅಮಲೇರೂ ದ್ರಾಕ್ಷಿ ಸೆರೆ."

ಮಾವ ನಗಲು ಹೆದರಿ ಮೀಸೆ ತೀಡಿದರು. ಅತ್ತೆ ಸೆರಗಿನಿಂದ ವಿಭೂತಿ ಒರೆಸಿದಳು. ಆದರೆ ಬುಡವನ್ನು ಎಸೆಯಲಿಲ್ಲ. ಸಮುದ್ರ ದಾಟಿ, ಘಟ್ಟ ಹತ್ತಿ ಬಂತೇ ಎಂದು ಮತ್ತೆ ಮತ್ತೆ ಕೇಳಿದಳು. ಆಮೇಲೆ ಮಾವನ ಕಡೆ ತಿರುಗಿದಳು.

"ಪಾಪ, ಅಷ್ಟ ದೂರದಿಂದ ಬಂದಾರಿಗೆ ಇಲ್ಲಿ ಒಂದ ತಂಬಗಿ ನೀರೂ ಸಿಕ್ಕಿಲ್ಲ ಕಾಣತೈತಿ. ತೋಡ್ರಿ ಬಾವಿ."