ಮೇಸ್ತ್ರಿ ಬೇಡವೆಂದ ಶಾಕ್ ಅಬ್ಸಾರ್ಬರ್

ಕಳೆದ ತಿಂಗಳು ನನ್ನ ಜೀಪಿನ ಹಿಂದಿನ ಚಕ್ರದೊಳಗೆ ಎಣ್ಣೆ ಒಸರುತ್ತಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದೆ. ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ಎಣ್ಣೆ ಮಿಲ್ಲು. ಎಣ್ಣೆಯ ವಾಸನೆ ನನಗೇನೂ ಹೊಸದಲ್ಲ. ಆದರೆ ಇದು ಶಾಕ್ ಅಬ್ಸಾರ್ಬರಿನೊಳಗೆ ಕಾದು ಕಾದು ಕಪ್ಪಾದ ಎಣ್ಣೆ. ಹನ್ನೆರಡು ವರ್ಷದ ಹಿಂದೆ ನಾನು ರ‍್ಯಾಲಿ ಕಾರು ಓಡಿಸುತ್ತಿದ್ದಾಗ ಅದನ್ನು ರಿಪೇರಿ ಮಾಡುತ್ತಿದ್ದ ಮೇಸ್ತ್ರಿಯ ಶೆಡ್ಡಿನ ತುಂಬ ಇದೇ ಕಮಟು ವಾಸನೆ... ಮೂಸಿದ್ದೇ ತಡ, ಹಳೆಯ ಸಿಟ್ಟೆಲ್ಲ ಎದ್ದು ಕೂತಿತು.

ಮೇಸ್ತ್ರಿ ಮೊಳಕಾಲ್ಮೂರಿನ ನೇಕಾರರ ಮನೆಯವರು. ಮನೆಯಲ್ಲಿ ಎಲ್ಲರೂ ರೇಷ್ಮೆ ಹಿಡಿದರೆ ಇವರೊಬ್ಬರು ಕಬ್ಬಿಣ ಹಿಡಿದು, ಚಳ್ಳಕೆರೆಯ ಹೊರಗೆ ಶೆಡ್ಡು ಹಾಕಿದ್ದರು. ರೇಸಿನ ಕಾರಿನ ಶಾಕ್ ಅಬ್ಸಾರ್ಬರನ್ನು ಬಿಚ್ಚಿ, ತೊಳೆದು, ಎಣ್ಣೆ ಬದಲಿಸಿ, ಮತ್ತೆ ಕಟ್ಟಿದ ಮೇಲೆ ಅದರ ರಾಡನ್ನು ಅಂಗೈಯಲ್ಲಿ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. “ಒತ್ತಿದ್ದಕ್ಕಿಂತ ನಿಧಾನ ಮೇಲೆ ಬರ್ಬೇಕು. ಇಲ್ದಿದ್ರೆ ಕಾರು ಕುಣೀತೈತೆ” ಅನ್ನುತ್ತಿದ್ದರು. ಆಮೇಲೆ ನನ್ನ ಪಕ್ಕ ಕೂತು ಕುದಾಪುರದ ಕಡೆಯ ಮಣ್ಣುದಾರಿಗೆ ಕರೆದೊಯ್ಯುತ್ತಿದ್ದರು. ಕಾರಿನ ನೆಲಕ್ಕೆ ಕೈಯಿಟ್ಟು ಯಾವ ಚಕ್ರ ತಪ್ಪು ಮಾಡುತ್ತಿದೆಯೆಂದು ಹೇಳುತ್ತಿದ್ದರು. ಒಮ್ಮೆಯೂ ಅವರ ಮಾತು ಸುಳ್ಳಾಗಿದ್ದು ನಾನು ಕಾಣೆ.

ಆ ವರ್ಷದ ರ‍್ಯಾಲಿಗೆ ಎರಡು ದಿನವಿತ್ತು. ಹಿಂದಿನ ಎಡಗಡೆಯ ಶಾಕನ್ನು ಬಿಚ್ಚಿದಾಗ ರಾಡಿನ ಮೇಲೆ ಉಗುರಿಗೆ ಸಿಗುವಂಥ ಗೀರು ಕಂಡಿತು. ನನಗೆ ಕಾರು ಕೊಟ್ಟಿದ್ದ ತಂಡದ ಯಜಮಾನರೂ ಅಲ್ಲೇ ನಿಂತಿದ್ದರು.

“ರಾಡು ಹೊಸದು ಬೇಕ್ರಿ. ಈ ಗೀರು ರಬ್ಬರ್ ಸೀಲು ಕೊಯ್ತೈತೆ, ಎಣ್ಣೆ ಹೋಗ್ತೈತೆ” ಎಂದರು ಮೇಸ್ತ್ರಿ.

“ಬರೋಕೆ ವಾರ ಆಗ್ತದೆ. ಹೊಸ ಸೀಲ್ ಹಾಕಿ ಕಟ್ಟು” ಎಂದರು ಯಜಮಾನರು.

“ವದ್ದು ಸ್ವಾಮಿ, ಬ್ಯಾಡ.” ಮನಸ್ಸು ಕದಡಿದಾಗ ಅವರ ಬಾಯಿಗೆ ತೆಲುಗು ಬರುತ್ತಿತ್ತು. “ಒಳಗೆ ಎರಡು ಜೀವ ಕೂತಿರ್ತಾವೆ. ನಾ ಕಟ್ಟಲ್ಲ.”

ಯಜಮಾನರು ಬೇರೆಯವನ ಕೈಯಲ್ಲಿ ಕಟ್ಟಿಸಿದರು. ನನಗೆ ಗೊತ್ತಿತ್ತು. ಗೊತ್ತಿದ್ದೂ ಓಡಿಸಿದೆ.

ಮೂರನೇ ಸುತ್ತಿನ ಉಬ್ಬು ಹಾರಿ ಇಳಿದಾಗ ಹಿಂಭಾಗ ಚೆಂಡಿನಂತೆ ಪುಟಿಯಿತು, ಕಾರು ಪಲ್ಟಿಯಾಯಿತು. ನನ್ನ ಪಕ್ಕೆಲುಬು ಎರಡು ಮುರಿದವು. ಪಕ್ಕದಲ್ಲಿ ಕೂತು ದಾರಿ ಓದಿ ಹೇಳುತ್ತಿದ್ದ ಗೆಳೆಯನ ಸೊಂಟ ಮುರಿಯಿತು. ಅವನು ಇವತ್ತಿಗೂ ಓರೆಯಾಗಿ ನಡೆಯುತ್ತಾನೆ.

ಹದಿನೈದು ದಿನಕ್ಕೆ ರ‍್ಯಾಲಿ ನಡೆಸಿದವರು ಒಂದು ಹೋಟೆಲಿನಲ್ಲಿ ಮೂವರನ್ನು ಕೂರಿಸಿ ವಿಚಾರಣೆ ಇಟ್ಟರು. ಯಜಮಾನರು ಸಲೀಸಾಗಿ, “ಶಾಕ್ ಕಟ್ಟಿದ್ದು ಲೋಕಲ್ ಮೇಸ್ತ್ರಿ. ಅವನಿಗೆ ಕೆಲಸ ಗೊತ್ತಿರಲಿಲ್ಲ” ಎಂದುಬಿಟ್ಟರು. ಮೇಸ್ತ್ರಿ ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಜಜ್ಜಿದ ಕಾರಿನಿಂದ ತಾವೇ ಬಿಚ್ಚಿದ ಶಾಕ್ ಅಬ್ಸಾರ್ಬರು ಟವೆಲ್ಲಿನಲ್ಲಿತ್ತು. ಗೀರು ತೋರಿಸಲು ಅದನ್ನು ಮೇಜಿನ ಮೇಲಿಟ್ಟರು.

“ಮೇಜಿನ ಬಟ್ಟೆ ಕೊಳೆಯಾಗ್ತದೆ, ಕೆಳಗಿಡು. ಯಾವ ಕೋರ್ಸ್ ಮಾಡಿದ್ದೀಯಾ?” ಎಂದರು ನಡುವೆ ಕೂತಿದ್ದವರು.

“ಕೋರ್ಸ್ ಇಲ್ರಿ. ಇದನ್ನ ಒಂದ್ಸಲ ನೋಡ್ರಿ, ಸಾಕು.”

ಯಾರೂ ಬಗ್ಗಿ ನೋಡಲಿಲ್ಲ. ಮೂವರು ವಿದ್ಯಾವಂತರಿಗೆ ಒಂದು ಗೀರು ನೋಡಲು ಎಷ್ಟು ಹೊತ್ತು ಬೇಕಿತ್ತು? ನನ್ನ ಕಡೆ ತಿರುಗಿ, “ಈತ ಬೇಡ ಅಂದಿದ್ದು ನಿಜವೇ?” ಎಂದು ಕೇಳಿದರು. ಮುಂದಿನ ವರ್ಷವೂ ಕಾರು ನನಗೇ ಎಂದು ಯಜಮಾನರು ಅಂದು ಬೆಳಗ್ಗೆಯಷ್ಟೇ ಹೇಳಿದ್ದರು. ಸರಿಯಾಗಿ ನೆನಪಿಲ್ಲ ಎಂದೆ.

ಮೇಸ್ತ್ರಿ ಇನ್ನು ಮೇಲೆ ಯಾವ ರೇಸಿನ ಕಾರನ್ನೂ ಮುಟ್ಟಕೂಡದೆಂದು ತೀರ್ಮಾನವಾಯಿತು. ಮೆಟ್ಟಿಲಿಳಿಯುವಾಗ ಅವರು ನನ್ನ ಹತ್ತಿರ ಬಂದರು. ಬೈಯುತ್ತಾರೆಂದು ಕಾದೆ.

“ಪಕ್ಕೆ ನೋವು ಕಡಿಮೆ ಆತೇನಪ್ಪಾ?” ಎಂದು ಕೇಳಿ ಬಸ್ಸಿಗೆ ಹೋದರು.

ಆಮೇಲೆ ಯಾವ ತಂಡವೂ ಅವರ ಬಳಿ ಬರಲಿಲ್ಲ. ಟ್ರ್ಯಾಕ್ಟರ್, ಬೈಕು ರಿಪೇರಿ ಮಾಡಿಕೊಂಡಿದ್ದು ಎರಡು ವರ್ಷದ ಹಿಂದೆ ತೀರಿಕೊಂಡರು. ಆ ಯಜಮಾನರು ಈಗ ಅದೇ ರ‍್ಯಾಲಿಯಲ್ಲಿ ಹೊಸ ಹುಡುಗರಿಗೆ ಸುರಕ್ಷತೆಯ ಪಾಠ ಹೇಳುತ್ತಾರೆ. ಚಪ್ಪಾಳೆಯೂ ಬೀಳುತ್ತದೆ.

ಜೀಪಿನ ಎಣ್ಣೆ ಮೂಸಿದ ದಿನವೇ ಕೂತು, ನಡೆದದ್ದನ್ನೆಲ್ಲ ಬರೆದು, ಮೇಸ್ತ್ರಿಯ ಹೆಸರಿನ ಕಳಂಕ ತೆಗೆಯಿರಿ ಎಂದು ರ‍್ಯಾಲಿಯವರಿಗೆ ಕಳಿಸಿದೆ. ಮೂರು ಸಾಲಿನ ಉತ್ತರ ಬಂತು. ಅಂಥ ವಿಚಾರಣೆಯ ದಾಖಲೆಯೇ ತಮ್ಮಲ್ಲಿಲ್ಲವಂತೆ. ದಾಖಲೆ ಇಲ್ಲದ್ದರಿಂದ ರದ್ದು ಮಾಡಲೂ ಏನಿಲ್ಲವಂತೆ. ಒಬ್ಬ ಮನುಷ್ಯನ ಕೈಯಿಂದ ಕೆಲಸ ಕಿತ್ತುಕೊಂಡವರು ಅದನ್ನು ಒಂದು ಹಾಳೆಯಲ್ಲಿ ಬರೆದಿಡುವ ಕಷ್ಟವನ್ನೂ ತೆಗೆದುಕೊಂಡಿರಲಿಲ್ಲ.

ನಿನ್ನೆ ಮೊಳಕಾಲ್ಮೂರಿಗೆ ಹೋಗಿ ಮೇಸ್ತ್ರಿಯ ಹೆಂಡತಿಗೆ ಆ ಉತ್ತರವನ್ನು ಓದಿ ಹೇಳಿದೆ, ನನ್ನ ಸುಳ್ಳನ್ನೂ ಹೇಳಿದೆ. ಆಕೆ ಮಗ್ಗದಿಂದ ಎದ್ದು ಬಂದು ಎದುರಿಗೆ ಕೂತರು.

“ನಂಗೊತ್ತೈತ್ರಿ. ನಿಮ್ಮ ಮೇಲೆ ಸಿಟ್ಟಿರ್ಲಿಲ್ಲ ಅವ್ರಿಗೆ. ಇವತ್ತಲ್ಲ ನಾಳೆ ಆ ಹುಡ್ಗ ಬಾಯಿ ಬಿಡ್ತಾನೆ ಅಂತ ಕಾಯ್ತಿದ್ರು, ಅಷ್ಟೆ.”

ನಮ್ಮ ಮಿಲ್ಲಿನಿಂದ ಅವರ ಶೆಡ್ಡಿಗೆ ಐದು ನಿಮಿಷದ ದಾರಿ. ಹತ್ತು ವರ್ಷ ಇಬ್ಬರೂ ಒಂದೇ ಊರಿನಲ್ಲಿದ್ದೆವು... ಅವರು ಕಾಯುತ್ತಿದ್ದರು. ನಾನು ಹೋಗಲಿಲ್ಲ.