ಕೂದಲು ಬೇಕು, ಅಮ್ಮ ಬೇಡ

ಗೆಳೆಯರೇ, ಈ ಅರಬ್ ನಾಡಿನ ಊದ್ ಮೇಥಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಇವತ್ತು ನನ್ನ ಮಾನ ಹೋಯಿತು. ಇಬ್ಬರು ಹುಡುಗಿಯರ ದೇಹ ಅದಲುಬದಲಾಗುವ ಜಪಾನಿ ಸೀರಿಯಲ್ ನೋಡಿದ ಮಗಳು ಮುಖ ಊದಿಸಿಕೊಂಡಳು. "ಮಮ್ಮಿ, ನಂಗೂ ಎದುರು ಫ್ಲ್ಯಾಟಿನ ಶೈಮಾ ಜೊತೆ ಸ್ವಾಪ್ ಮಾಡ್ಬೇಕು. ಶಿ ಈಸ್ ಸೋ ಪ್ರೆಟ್ಟಿ!"

"ಯಲ್ಲಾ, ನಡಿ ನಡಿ, ಅವಳ ಹತ್ರವೇ ಕೇಳಿ ಬಾ ಮಾರಾಯ್ತಿ" ಎಂದೆ.

ಹೋದವಳು ಕುಣಿಯುತ್ತಾ ಬಂದಳು. "ಅವಳಿಗೆ ನನ್ನ ಕೂದಲು ಬೇಕಂತೆ ಮಮ್ಮಿ! ಬಟ್ ನೀನು ಬೇಡವಂತೆ. ಸಂಡೇ ಸಂಡೇ ತಲೆಗೆ ಎಣ್ಣೆ ತಿಕ್ತೀಯಲ್ಲ, ಅದಕ್ಕೆ."

ಆ ಕೂದಲೇನು ಮಾಲ್‌ನಲ್ಲಿ ಸಿಕ್ಕಿದ್ದೇ?

ಎಣ್ಣೆ ಬಟ್ಟಲು ಕಂಡರೆ ಬಾತ್‌ರೂಮಿಗೆ ಓಡಿ ಚಿಲಕ ಹಾಕಿಕೊಳ್ಳುತ್ತಿದ್ದ ಮಗಳು ಈಗ ತಾನೇ ಅದನ್ನು ತಂದು ನನ್ನ ಮುಂದೆ ಕುಳಿತಿದ್ದಾಳೆ. ಅಂತೂ ತೆಂಗಿನೆಣ್ಣೆಗೆ ಮರ್ಯಾದೆ ಸಿಕ್ಕಿತು. ನನ್ನದು ಇನ್ನೂ ಎದುರು ಫ್ಲ್ಯಾಟಿನಲ್ಲೇ ಬಿದ್ದಿದೆ.