ದಯಾನಂದನ ಅಳತೆ
ತಿಪಟೂರಿನಲ್ಲಿ ತೋಟದ ಪಂಪುಗಳ ಸ್ಟಾರ್ಟರ್‌ಗೆ ಪ್ರೋಗ್ರಾಂ ಬರೆಯುವ ದಯಾನಂದನ ಎದುರು ಬರೀ ‘ಇಂಟ್’ ಎಂದೀರಿ, ಜೋಕೆ! ಸಂಖ್ಯೆ ತುಂಬಿಡುವ ಆ ಜಾಗ ಒಂದು ಚಿಪ್‌ನಲ್ಲಿ ಹದಿನಾರು ಬಿಟ್, ಇನ್ನೊಂದರಲ್ಲಿ ಮೂವತ್ತೆರಡು. “ಹುಳಿಯಾರಿನ ಮಂಕ್ರೀನೂ ಮಂಕ್ರೀನೇ, ಶೆಟ್ಟಿಕೆರೇದೂ ಮಂಕ್ರೀನೇ, ಹಿಡಿಯೋ ಕಾಯಿ ಒಂದೇನ್ಲಾ? ಹೆಸರಲ್ಲೇ ಅಳತೆ ಬರಿ, ಇಲ್ಲಾಂದ್ರೆ ಜಾಗ ಸಾಲ್ದೆ ಲೆಕ್ಕ ತಪ್ಪಿ ಮೋಟ್ರು ಸುಟ್ಟೋಯ್ತದೆ ಕಣ್ಲಾ!” ಎಂದು ಜೊತೆಗಾರ ಭೀಮರಾಜುವನ್ನು ಗದರುತ್ತಾನೆ. ಹೋಟೆಲಿನಲ್ಲಿ ಕಾಫಿ ಹೇಳುವ ಮುನ್ನ ಲೋಟದೊಳಕ್ಕೆ ಟೇಪು ಇಳಿಬಿಡುತ್ತಾನೆ. ತನ್ನ ಮದುವೆಯಲ್ಲಿ ಧಾರೆಯ ಹೊತ್ತಿಗೆ “ಸ್ವಲ್ಪ ಅನುಸರಿಸ್ಕೊಂಡು ಹೋಗಪ್ಪ” ಎಂದ ಮಾವನನ್ನೇ “ಸ್ವಲ್ಪ ಅಂದ್ರೆ ಎಷ್ಟ್ರೀ?” ಎಂದು ಕೇಳಿದ್ದ. ಅಂಥವನು ಮನೆಯಲ್ಲಿ ಮಾತ್ರ “ಮುದ್ದೆ ಇಕ್ಕವ್ವ” ಎಂದಷ್ಟೇ ಹೇಳಿ ತಟ್ಟೆಯ ಮುಂದೆ ಕೂರುತ್ತಾನೆ. ತಾಯಿ ಚೌಡಮ್ಮನಿಗೆ ಈಗ ಮರೆವು. “ಯಾವೂರಪ್ಪ ನಿಂದು?” ಎಂದು ಕೇಳುತ್ತಲೇ ಆಕೆ ಕಟ್ಟುವ ಮುದ್ದೆ ಇವತ್ತಿಗೂ ಅವನ ಹಸಿವಿನಷ್ಟೇ ಇರುತ್ತದೆ.